ಕ್ಯಾನ್ಸರ್ ಸೂಚಕ ಹಿಡಿಯುವ ಪ್ರತಿಕಾಯ ಸೆನ್ಸರ್: ನಮ್ಮ ಬಿಸಿಲು, ನಮ್ಮ ನೀರಿನಲ್ಲಿ ಕಟ್ಟುವ ಬಗೆ

ಪ್ರಾಜೆಕ್ಟ್ ವಿಷಯ ಆರಿಸುವ ಹೊತ್ತು ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಒಂದು ತಂಡವಾದರೂ ‘ಕ್ಯಾನ್ಸರ್ ಪತ್ತೆ ಮಾಡುವ ಸೆನ್ಸರ್’ ಎಂದು ಹಾಳೆಯ ಮೇಲೆ ಬರೆದುಕೊಂಡು ಗೈಡ್ ಮುಂದೆ ನಿಲ್ಲುತ್ತದೆ. ಇದು ನಮ್ಮ ಲ್ಯಾಬಿನಲ್ಲಿ ಆಗುವ ಮಾತಲ್ಲ ಎನ್ನುವ ಗೈಡ್‌ಗಳಿದ್ದಾರೆ, ಮಾಡಿ ನೋಡೋಣ ಎನ್ನುವವರೂ ಇದ್ದಾರೆ. ನಾನು ಎರಡನೆಯ ಗುಂಪಿನವನು, ಆದರೆ ಒಂದು ಷರತ್ತಿದೆ. ಸೂಚಕ ಪ್ರೋಟೀನ್, ಅಂದರೆ ಕ್ಯಾನ್ಸರ್ ಇದ್ದಾಗ ದೇಹದ್ರವದಲ್ಲಿ ಹೆಚ್ಚಬಹುದಾದ ಪ್ರೋಟೀನ್, ಹಾಕಿದಾಗ ಗ್ರಾಫ್ ಅಲುಗಾಡುವಂತೆ ಮಾಡುವುದು ಸುಲಭ. ಅದನ್ನು ಹಾಕದಿದ್ದಾಗ, ಅಥವಾ ಅದರ ಬದಲು ಬೇರೇನನ್ನೋ ಹಾಕಿದಾಗ ಗ್ರಾಫ್ ಅಲುಗಾಡದಂತೆ ನೋಡಿಕೊಳ್ಳುವುದು ಕಷ್ಟ. ಪ್ರಾಜೆಕ್ಟ್‌ನ ಅರ್ಧ ಸಮಯವನ್ನು ಈ ಕಷ್ಟದ ಕೆಲಸಕ್ಕೆ ಎತ್ತಿಡಲು ಸಿದ್ಧರಿದ್ದರೆ ಮುಂದೆ ಓದಿ.

ತತ್ವ ಚಿಕ್ಕದು. ಪ್ರತಿಕಾಯ (ಆಂಟಿಬಾಡಿ) ತನಗೆ ಹೊಂದುವ ಪ್ರೋಟೀನನ್ನು ಹುಡುಕಿ ಹಿಡಿಯುತ್ತದೆ. ಆ ಪ್ರತಿಕಾಯವನ್ನು ಚಿನ್ನದ ಎಲೆಕ್ಟ್ರೋಡ್ ಮೇಲೆ ಕೂರಿಸಿದರೆ, ಹಿಡಿತ ನಡೆದಾಗ ಎಲೆಕ್ಟ್ರೋಡ್‌ನ ವಿದ್ಯುತ್ ಗುಣ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆಯುತ್ತೇವೆ. ಕಿಣ್ವವನ್ನು ಎಲೆಕ್ಟ್ರೋಡ್‌ಗೆ ಜೋಡಿಸುವ ಯೋಚನೆಯನ್ನು ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಮುಂದಿಟ್ಟರು. ಇಂದಿನ ಗ್ಲುಕೋಮೀಟರ್‌ಗಳೆಲ್ಲ ಅದರ ಸಂತಾನ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕಂಡುಕೊಂಡರು. ನೀವು ಇಂದು ತರಿಸುವ ಮಾನೋಕ್ಲೋನಲ್ ಪ್ರತಿಕಾಯದ ಸಣ್ಣ ಸೀಸೆ ಅಲ್ಲಿಂದ ಬಂದದ್ದು.

ಯಾವ ಸೂಚಕ

ನಮ್ಮ ಭಾಗದಲ್ಲಿ ಗುಟ್ಕಾ, ಬೀಡಿ ಹೆಚ್ಚು. ಹಾಗಾಗಿ ವಿದ್ಯಾರ್ಥಿಗಳು ಬಾಯಿಯ ಕ್ಯಾನ್ಸರ್ ಎಂದೇ ಶುರು ಮಾಡುತ್ತಾರೆ, ಜೊಲ್ಲಿನಲ್ಲಿ ಸಿಫ್ರಾ 21-1 ಎಂಬ ಸೂಚಕ ಪ್ರೋಟೀನ್ ಅಳೆಯುತ್ತೇವೆ ಎನ್ನುತ್ತಾರೆ. ಕಾಳಜಿ ಸರಿಯಾದದ್ದೇ. ಆದರೆ ಜೊಲ್ಲು ಒಬ್ಬರಿಂದೊಬ್ಬರಿಗೆ, ಬೆಳಗಿನಿಂದ ಸಂಜೆಗೆ ಬದಲಾಗುವ ದ್ರವ. ಮೊದಲ ಸೆನ್ಸರ್‌ಗೇ ಅದನ್ನು ಕಟ್ಟಿಕೊಳ್ಳುವುದು ಬೇಡ.

ಮೊದಲ ಪ್ರಯತ್ನಕ್ಕೆ ನನ್ನ ಸಲಹೆ ಸಿಇಎ, ಅಂದರೆ ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್. 1965ರಲ್ಲಿ ಗೋಲ್ಡ್ ಮತ್ತು ಫ್ರೀಡ್‌ಮನ್ ವಿವರಿಸಿದ ಹಳೆಯ ಸೂಚಕ ಇದು. ಇದರ ಪ್ರತಿಕಾಯಗಳು, ಶುದ್ಧ ಪ್ರೋಟೀನ್, ಎಲೈಸಾ (ಪ್ರತಿಕಾಯದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಕಿಟ್ ಎಲ್ಲವೂ ಸುಲಭವಾಗಿ ಸಿಗುತ್ತವೆ. ಅಣುತೂಕ ಸುಮಾರು 180 ಕಿಲೋಡಾಲ್ಟನ್. ದೊಡ್ಡ ಅಣು ಎಲೆಕ್ಟ್ರೋಡ್ ಮೇಲೆ ಕೂತರೆ ಹೆಚ್ಚು ಜಾಗ ಮುಚ್ಚುತ್ತದೆ, ಸಂಕೇತ ಸ್ಪಷ್ಟವಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಸೂಚಕ ಪಿಎಸ್‌ಎ ಸುಮಾರು 30 ಕಿಲೋಡಾಲ್ಟನ್ ಅಷ್ಟೇ.

ಆರೋಗ್ಯವಂತರ ರಕ್ತದಲ್ಲಿ ಸಿಇಎ ಸಾಮಾನ್ಯವಾಗಿ ಮಿಲಿಲೀಟರಿಗೆ 5 ನ್ಯಾನೋಗ್ರಾಂಗಿಂತ ಕಡಿಮೆ. ಅದೇ ಒಂದು ಮಿಲಿಲೀಟರ್ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಎಲ್ಲ ಪ್ರೋಟೀನ್‌ಗಳೂ ಸೇರಿದರೆ ಸುಮಾರು 70 ಮಿಲಿಗ್ರಾಂ. ಭಾಗಿಸಿ ನೋಡಿ: ಒಂದು ಗ್ರಾಂ ಸಿಇಎಗೆ 1.4 ಕೋಟಿ ಗ್ರಾಂ ಇತರ ಪ್ರೋಟೀನ್. 14 ಟನ್ ತೊಗರಿಯ ರಾಶಿಯಲ್ಲಿ ಬೇರೆ ಜಾತಿಯ ಹತ್ತು ಕಾಳನ್ನು ಹೆಕ್ಕಿದಂತೆ. ನಿಮ್ಮ ಪ್ರತಿಕಾಯ ಈ ಕೆಲಸ ಮಾಡಬೇಕು, ಉಳಿದ ರಾಶಿ ಎಲೆಕ್ಟ್ರೋಡ್‌ಗೆ ಅಂಟದಂತೆ ನೀವು ನೋಡಿಕೊಳ್ಳಬೇಕು.

ಒಂದು ಮಾತನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಸಿಇಎ ಕ್ಯಾನ್ಸರನ್ನು ಆರಂಭದಲ್ಲೇ ಕಂಡುಹಿಡಿಯುವ ಪರೀಕ್ಷೆಯಲ್ಲ. ಧೂಮಪಾನಿಗಳಲ್ಲಿ, ಯಕೃತ್ತಿನ ಕಾಯಿಲೆ ಇರುವವರಲ್ಲಿ, ಕರುಳಿನ ಉರಿಯೂತದಲ್ಲಿ ಕ್ಯಾನ್ಸರ್ ಇಲ್ಲದೆಯೂ ಅದು ಏರುತ್ತದೆ. ಕ್ಯಾನ್ಸರ್ ಇದ್ದೂ ಏರದಿರಬಹುದು. ವೈದ್ಯರು ಅದನ್ನು ಮುಖ್ಯವಾಗಿ ದೊಡ್ಡಕರುಳಿನ ಕ್ಯಾನ್ಸರ್ ಚಿಕಿತ್ಸೆಯ ನಂತರ ರೋಗ ಮರುಕಳಿಸುತ್ತಿದೆಯೇ ಎಂದು ನೋಡಲು ಬಳಸುತ್ತಾರೆ. ‘ಮನೆಯಲ್ಲೇ ಕ್ಯಾನ್ಸರ್ ಪತ್ತೆ’ ಎಂಬ ಪೋಸ್ಟರ್ ಮಾಡಬೇಡಿ.

ಯಾವ ಬಗೆಯ ಸೆನ್ಸರ್

ಮೂರು ದಾರಿಗಳಿವೆ. ಒಂದು, ಟ್ರಾನ್ಸಿಸ್ಟರ್ ಮೇಲೆ ಪ್ರತಿಕಾಯ ಕೂರಿಸುವುದು. ಬರ್ಗ್‌ವೆಲ್ಡ್ 1970ರಲ್ಲಿ ತೋರಿಸಿದ ಅಯಾನು ಟ್ರಾನ್ಸಿಸ್ಟರ್‌ನಿಂದ ಬಂದ ದಾರಿ ಇದು. 2005ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ತಂಡ ಸಿಲಿಕಾನ್ ನ್ಯಾನೋತಂತಿಗಳಿಂದ ಪಿಎಸ್‌ಎ, ಸಿಇಎ, ಮ್ಯೂಸಿನ್-1 ಎಂಬ ಮೂರು ಸೂಚಕಗಳನ್ನೂ ಏಕಕಾಲಕ್ಕೆ ಅಳೆದಾಗ ಎಲ್ಲರ ಕಣ್ಣೂ ಇತ್ತ ತಿರುಗಿತು. ಇಲೆಕ್ಟ್ರಾನಿಕ್ಸ್ ವಿಭಾಗದವರಿಗೆ ಇದೇ ಇಷ್ಟ. ಆದರೆ ಟ್ರಾನ್ಸಿಸ್ಟರ್ ಗ್ರಹಿಸುವುದು ವಿದ್ಯುದಾವೇಶವನ್ನು, ಉಪ್ಪಿನ ದ್ರಾವಣದಲ್ಲಿ ಆವೇಶ ದೂರದವರೆಗೆ ಕಾಣುವುದಿಲ್ಲ. ದೇಹದ್ರವದಷ್ಟು ಉಪ್ಪಿರುವ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಆ ದೂರ 1 ನ್ಯಾನೋಮೀಟರಿಗೂ ಕಡಿಮೆ, ಪ್ರತಿಕಾಯವೇ 10 ನ್ಯಾನೋಮೀಟರಿಗಿಂತ ಎತ್ತರ. ಹಿಡಿತ ನಡೆಯುವುದು ಟ್ರಾನ್ಸಿಸ್ಟರ್‌ನ ಕಣ್ಣಿಗೆ ನಿಲುಕದ ಎತ್ತರದಲ್ಲಿ. ಬಫರನ್ನು ನೂರು ಪಟ್ಟು ತೆಳು ಮಾಡಿದರೆ ಆ ದೂರ ಸುಮಾರು 7 ನ್ಯಾನೋಮೀಟರಿಗೆ ಬರುತ್ತದೆ. ಲೀಬರ್ ತಂಡವೂ ಸೀರಂನಿಂದ ಉಪ್ಪು ತೆಗೆದೇ ಅಳೆದದ್ದು. ಎರಡು ಸೆಮಿಸ್ಟರ್‌ಗೆ ಇದು ಭಾರವಾಗುತ್ತದೆ.

ಎರಡನೆಯದು ಸ್ಯಾಂಡ್‌ವಿಚ್ ವಿಧಾನ. ಕೆಳಗೊಂದು ಪ್ರತಿಕಾಯ, ನಡುವೆ ಸಿಇಎ, ಮೇಲೆ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ. ಕಿಣ್ವ ಉಂಟುಮಾಡುವ ಪ್ರವಾಹವನ್ನು ಅಳೆಯುವುದು. ಎರಡೆರಡು ಪ್ರತಿಕಾಯಗಳ ಸಾಕ್ಷಿ ಇರುವುದರಿಂದ ಇದರ ಮಾತನ್ನು ಹೆಚ್ಚು ನಂಬಬಹುದು. ಖರ್ಚೂ ಹೆಚ್ಚು.

ಮೂರನೆಯದು ಇಂಪಿಡೆನ್ಸ್, ಅಂದರೆ ಎಸಿ ವಿದ್ಯುತ್ತಿಗೆ ಎದುರಾಗುವ ಅಡ್ಡಿ. ಒಂದೇ ಪ್ರತಿಕಾಯ, ಕಿಣ್ವ ಬೇಡ. ದ್ರಾವಣದಲ್ಲಿರುವ ಫೆರಿ-ಫೆರೋಸಯನೈಡ್ ಎಲೆಕ್ಟ್ರೋಡ್‌ವರೆಗೆ ಬಂದು ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುತ್ತಿರುತ್ತದೆ. ಮೇಲೆ ಪ್ರೋಟೀನ್ ಕೂತಷ್ಟೂ ಈ ವ್ಯವಹಾರಕ್ಕೆ ಅಡ್ಡಿ ಹೆಚ್ಚುತ್ತದೆ. ಆ ಅಡ್ಡಿಯ ಹೆಸರು ಚಾರ್ಜ್ ವರ್ಗಾವಣೆ ರೋಧ, ಚಿಕ್ಕದಾಗಿ ಆರ್‌ಸಿಟಿ. ಮೊದಲ ಸೆನ್ಸರ್‌ಗೆ ಇದನ್ನೇ ಹಿಡಿಯಿರಿ. ಯಾವ ಪ್ರೋಟೀನ್ ಅಂಟಿದರೂ ಆರ್‌ಸಿಟಿ ಬದಲಾಗುತ್ತದೆ ಎಂಬುದು ಇದರ ದೊಡ್ಡ ದೋಷ. ಕಲಿಯುವವರಿಗೆ ಇದು ಒಳ್ಳೆಯದೇ, ಏಕೆಂದರೆ ಎಲ್ಲಿ ಎಡವುತ್ತೇವೆ ಎಂಬುದು ಕಣ್ಣಿಗೆ ಕಾಣುತ್ತದೆ.

ಇಂಪಿಡೆನ್ಸ್ ಅಳೆಯುವ ಪೊಟೆನ್ಷಿಯೋಸ್ಟಾಟ್ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ವಿಶ್ವವಿದ್ಯಾಲಯಗಳ ರಸಾಯನ ವಿಭಾಗಗಳಲ್ಲಿ ಕೇಳಿ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಹೋದರೆ ಮಾತಾದರೂ ಮುಂದೆ ಸಾಗುತ್ತದೆ. ಸ್ವಂತ ಸರ್ಕ್ಯೂಟ್ ಮಾಡುವ ಹಟವಿದ್ದವರಿಗೆ ಒಂದು ಎಚ್ಚರಿಕೆ: ಎಲ್ಲರೂ ತರಿಸುವ ಎಡಿ5933 ಚಿಪ್ ತನ್ನ ಒಳಗಿನ ಗಡಿಯಾರದಲ್ಲಿ 1 ಕಿಲೋಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ವರೆಗೆ ಮಾತ್ರ ಕೆಲಸ ಮಾಡುತ್ತದೆ. ಇಂಪಿಡೆನ್ಸ್ ಗ್ರಾಫ್‌ನಲ್ಲಿ ಮೂಡುವ, ಆರ್‌ಸಿಟಿ ತಿಳಿಸುವ ಅರ್ಧವೃತ್ತದ ಬಹುಭಾಗ ಅದಕ್ಕಿಂತ ಕೆಳಗಿನ ಆವರ್ತನಗಳಲ್ಲಿದೆ. ಎಡಿ5941 ಒಂದು ಹರ್ಟ್ಸ್‌ಗಿಂತ ಕೆಳಗೂ ಇಳಿಯುತ್ತದೆ, ಅದನ್ನು ನೋಡಿ.

ಪ್ರತಿಕಾಯ ತರಿಸುವುದು

ಆರ್ಡರ್ ಮಾಡುವ ಮುನ್ನ ಡೇಟಾಶೀಟ್‌ನಲ್ಲಿ ಒಂದು ಸಾಲು ಹುಡುಕಿ: ಸೀಸೆಯಲ್ಲಿ ಪ್ರತಿಕಾಯದ ಜೊತೆ ಇನ್ನೇನಿದೆ? ಬಹಳಷ್ಟು ಪ್ರತಿಕಾಯಗಳು ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್), ಗ್ಲೈಸಿನ್ ಅಥವಾ ಟ್ರಿಸ್ ಬಫರ್ ಜೊತೆ ಬರುತ್ತವೆ. ಮುಂದೆ ನಾವು ಮಾಡುವ ಜೋಡಣೆ ಅಮೈನ್ ಎಂಬ ಸಾರಜನಕದ ಗುಂಪನ್ನು ಹಿಡಿಯುವಂಥದ್ದು, ಇವೆಲ್ಲದರಲ್ಲೂ ಅಮೈನ್ ಇದೆ. ಪ್ರತಿಕಾಯ ಕೂರಬೇಕಾದ ಜಾಗದಲ್ಲಿ ಅಗ್ಗದ ಬಿಎಸ್‌ಎ ಕೂತುಬಿಡುತ್ತದೆ. ಬಿಎಸ್‌ಎ ಇಲ್ಲದ, ಫಾಸ್ಫೇಟ್ ಬಫರ್‌ನಲ್ಲಿರುವ ಮಾನೋಕ್ಲೋನಲ್ ಪ್ರತಿಕಾಯವನ್ನೇ ಕೇಳಿ. ಸ್ಯಾಂಡ್‌ವಿಚ್‌ಗೆ ಹೊಂದುವ ಜೋಡಿಯಲ್ಲಿ ಒಂದನ್ನು ಕೊಂಡರೆ ಮುಂದೆ ಹಣ ಬಂದಾಗ ಇನ್ನೊಂದನ್ನು ಸೇರಿಸಬಹುದು.

ನೂರು ಮೈಕ್ರೋಗ್ರಾಂಗೆ ಹತ್ತಾರು ಸಾವಿರ ರೂಪಾಯಿ ಎಂದಾಗ ಎದೆ ಒಡೆದುಕೊಳ್ಳಬೇಡಿ. ಒಂದು ಎಲೆಕ್ಟ್ರೋಡ್‌ಗೆ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ಸಾಂದ್ರತೆಯ 10 ಮೈಕ್ರೋಲೀಟರ್ ಹನಿ ಸಾಕು, ಅಂದರೆ 0.2 ಮೈಕ್ರೋಗ್ರಾಂ. ಆ ಸೀಸೆ 500 ಎಲೆಕ್ಟ್ರೋಡ್‌ಗೆ ಬರುತ್ತದೆ. ಎರಡು-ಮೂರು ತಂಡಗಳು ಸೇರಿ ಕೊಳ್ಳಬಹುದು.

ಪಾರ್ಸೆಲ್ ಬಗ್ಗೆ ಎಚ್ಚರ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಐಸ್ ಪ್ಯಾಕ್ ಇಟ್ಟ ಡಬ್ಬಿ ಶನಿವಾರ ಊರಿಗೆ ಬಂದು ಸೋಮವಾರದವರೆಗೆ ಗೋದಾಮಿನಲ್ಲಿ ಕೂತರೆ ಆ ಪ್ರತಿಕಾಯದ ಗತಿ ದೇವರೇ ಬಲ್ಲ. ವಾರದ ಆರಂಭದಲ್ಲಿ ಕಳಿಸುವಂತೆ ಡೀಲರ್‌ಗೆ ಹೇಳಿ, ಸಾಧ್ಯವಾದರೆ ಆರ್ಡರನ್ನೇ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಬೀದರ್‌ನವರು ಹೈದರಾಬಾದ್‌ನ ಡೀಲರ್‌ಗಳಿಂದ ಕೈಯಾರೆ ತರುವುದೇ ಮೇಲು, ಥರ್ಮೋಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅದೇ ದಿನ ಮರಳಬಹುದು.

ಬಂದ ಕೂಡಲೇ ಸಣ್ಣ ಸಣ್ಣ ಟ್ಯೂಬುಗಳಿಗೆ 5 ಮೈಕ್ರೋಲೀಟರ್‌ನಂತೆ ಹಂಚಿ. ಡೇಟಾಶೀಟ್ ಒಪ್ಪಿದರೆ ಮೈನಸ್ 20ರಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಕಿಣ್ವ ಜೋಡಿಸಿದ ಪ್ರತಿಕಾಯವನ್ನಂತೂ ಫ್ರೀಜರ್‌ಗೆ ಹಾಕಲೇಬೇಡಿ, ಅದರ ಜಾಗ 4 ಡಿಗ್ರಿಯ ಫ್ರಿಜ್. ಕರೆಂಟ್ ಹೋಗಿ ಬರುವ ಕಡೆ ಫ್ರೀಜರ್ ಒಳಗೆ ಐಸ್ ಪ್ಯಾಕ್‌ಗಳನ್ನು ತುಂಬಿಟ್ಟರೆ ಕೆಲವು ಗಂಟೆ ತಡೆಯುತ್ತದೆ. ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯ ಇಡಿ. ಸೋಮವಾರ ಬಂದು ನೋಡಿದಾಗ ನಾಣ್ಯ ತಳ ಸೇರಿದ್ದರೆ ರಜೆಯಲ್ಲಿ ಫ್ರೀಜರ್ ಕರಗಿತ್ತು ಎಂದೇ ಅರ್ಥ.

ಎಲೆಕ್ಟ್ರೋಡ್ ಮುಟ್ಟುವ ಮೊದಲು ಪ್ರತಿಕಾಯ ಬದುಕಿದೆಯೇ ಎಂದು ನೋಡಿಕೊಳ್ಳಿ. ನೈಟ್ರೋಸೆಲ್ಯುಲೋಸ್ ಪೊರೆಯ ಮೇಲೆ ಸಿಇಎಯ ಒಂದು ಚುಕ್ಕೆ, ಬಿಎಸ್‌ಎಯ ಒಂದು ಚುಕ್ಕೆ ಇಟ್ಟು, ಪೊರೆಯ ಖಾಲಿ ಜಾಗವನ್ನು ಕೆನೆ ತೆಗೆದ ಹಾಲಿನಪುಡಿಯ ದ್ರಾವಣದಿಂದ ಮುಚ್ಚಿ, ನಿಮ್ಮ ಪ್ರತಿಕಾಯ ಹಾಕಿ, ನಂತರ ಬಣ್ಣ ಕೊಡುವ ಕಿಣ್ವವಿರುವ ಎರಡನೇ ಪ್ರತಿಕಾಯ ಹಾಕಿ. ಸಿಇಎ ಚುಕ್ಕೆ ಮಾತ್ರ ಬಣ್ಣ ಪಡೆಯಬೇಕು. ಅರ್ಧ ದಿನದ ಕೆಲಸ ಇದು, ಮುಂದೆ ತಿಂಗಳುಗಟ್ಟಲೆ ಪರದಾಟ ತಪ್ಪಿಸುತ್ತದೆ.

ನೀರು ಮತ್ತು ಬಫರ್

ಶಹಾಬಾದ್ ಕಲ್ಲಿನ ನಾಡು ನಮ್ಮದು. ಸುಣ್ಣಕಲ್ಲಿನ ಮೇಲಿನ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ಮನೆಯ ಗೀಸರ್ ಬಿಚ್ಚಿದವರಿಗೆ ಗೊತ್ತು. ಅದರ ಕ್ಯಾಲ್ಸಿಯಂ ಫಾಸ್ಫೇಟ್ ಬಫರ್‌ನೊಂದಿಗೆ ಸೇರಿದರೆ ಬಿಳಿ ಮಬ್ಬು ಕಟ್ಟುತ್ತದೆ. ಕುಡಿಯುವ ಆರ್‌ಒ ನೀರೂ ಇದಕ್ಕೆ ಸಾಲದು. 18.2 ಮೆಗಾಓಮ್ ಸೆಂಟಿಮೀಟರ್ ಶುದ್ಧತೆಯ ನೀರನ್ನು ಅದು ಇರುವ ಲ್ಯಾಬಿನಿಂದ ಶುದ್ಧ ಬಾಟಲಿಯಲ್ಲಿ ತಂದಿಟ್ಟುಕೊಳ್ಳಿ. ಬಫರ್ ಪಿಎಚ್ 7.4ರ ಪಿಬಿಎಸ್ (ಉಪ್ಪು ಬೆರೆತ ಫಾಸ್ಫೇಟ್ ಬಫರ್). ಸಿಇಎ ತೆಳು ಮಾಡುವ ಬಫರ್‌ಗೆ ಮಾತ್ರ ಶೇ 0.1ರಷ್ಟು ಬಿಎಸ್‌ಎ ಸೇರಿಸಿ. ಇಲ್ಲದಿದ್ದರೆ ನ್ಯಾನೋಗ್ರಾಂ ಮಟ್ಟದ ಪ್ರೋಟೀನ್ ಟ್ಯೂಬಿನ ಗೋಡೆಗೇ ಅಂಟಿ ಮಾಯವಾಗುತ್ತದೆ.

ಎಲೆಕ್ಟ್ರೋಡ್ ಮೇಲೆ ಕಟ್ಟುವುದು

ಚಿನ್ನದ ಸ್ಕ್ರೀನ್ ಪ್ರಿಂಟೆಡ್ ಚಿಪ್ ತೆಗೆದುಕೊಳ್ಳಿ. ನಡುವಿನ 4 ಮಿಲಿಮೀಟರ್ ಚಿನ್ನದ ವೃತ್ತ ಕೆಲಸದ ಎಲೆಕ್ಟ್ರೋಡ್, ಪಕ್ಕದ ಬೆಳ್ಳಿಯ ಗೆರೆ ರೆಫರೆನ್ಸ್, ಅಂದರೆ ವೋಲ್ಟೇಜ್ ಅಳೆಯಲು ಹೋಲಿಕೆಯ ಎಲೆಕ್ಟ್ರೋಡ್.

ಮೊದಲು ಶುಚಿ. 0.5 ಮೋಲಾರ್ ಗಂಧಕಾಮ್ಲದ ಹನಿ ಹಾಕಿ ಹತ್ತರಷ್ಟು ಆವರ್ತ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸಿ ಪ್ರವಾಹ ಅಳೆಯುವುದು) ಓಡಿಸಿ. ಒಂದರ ಮೇಲೊಂದು ಗೆರೆ ಕೂರತೊಡಗಿದರೆ ಸಾಕು. ಪಿರಾನ್ಹಾ ದ್ರಾವಣದ (ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಗೊಡವೆ ಬೇಡ: ಅದು ಈ ಚಿಪ್‌ನ ಶಾಯಿಯನ್ನು ತಿನ್ನುತ್ತದೆ, ಕೈಯನ್ನೂ ಸುಡುತ್ತದೆ. ತೊಳೆದ ಮೇಲೆ ಫೆರಿ-ಫೆರೋಸಯನೈಡ್‌ನಲ್ಲಿ ಒಂದು ವೋಲ್ಟಾಮೋಗ್ರಾಂ ತೆಗೆದು ಎರಡು ಶಿಖರಗಳ ನಡುವಿನ ಅಂತರ ಬರೆದಿಡಿ. ಆದರ್ಶ 59 ಮಿಲಿವೋಲ್ಟ್, ಇಂಥ ಚಿಪ್‌ಗಳಲ್ಲಿ ಅದಕ್ಕಿಂತ ಹೆಚ್ಚೇ ಬರುತ್ತದೆ. ಒಂದೇ ಪ್ಯಾಕೆಟ್‌ನಲ್ಲಿ ಉಳಿದವಕ್ಕಿಂತ ತೀರ ಬೇರೆಯಾಗಿರುವ ಚಿಪ್ಪನ್ನು ಅಲ್ಲಿಯೇ ಪಕ್ಕಕ್ಕಿಡಿ.

ಪ್ರತಿಕಾಯ ಹಿಡಿದುಕೊಳ್ಳಲು ಚಿನ್ನದ ಮೇಲೆ ಗಂಧಕವಿರುವ ಅಣುಗಳ ಪದರ ಬೇಕು. ಲೇಖನಗಳಲ್ಲಿ ಹೆಚ್ಚಾಗಿ ಉದ್ದ ಸರಪಳಿಯ ಆಮ್ಲವನ್ನು ಎಥನಾಲ್‌ನಲ್ಲಿ ಕರಗಿಸಿ ಬಳಸಿರುತ್ತಾರೆ. ಈ ಚಿಪ್ ಮೇಲೆ ಎಥನಾಲ್ ಹನಿ ನಿಲ್ಲುವುದಿಲ್ಲ, ಹರಡಿ ಬೆಳ್ಳಿಯ ಗೆರೆ ಮುಟ್ಟುತ್ತದೆ, ಗಂಧಕ ಅಲ್ಲಿಯೂ ಅಂಟಿ ರೆಫರೆನ್ಸ್ ಕೆಡುತ್ತದೆ. ಅದಕ್ಕೇ ನೀರಿನಲ್ಲಿ ಕರಗುವ 3-ಮರ್‌ಕ್ಯಾಪ್ಟೊಪ್ರೊಪಿಯೋನಿಕ್ ಆಮ್ಲ ಒಳ್ಳೆಯದು. 10 ಮಿಲಿಮೋಲಾರ್ ದ್ರಾವಣದ 10 ಮೈಕ್ರೋಲೀಟರ್ ಹನಿಯನ್ನು ಚಿನ್ನದ ವೃತ್ತದ ಮೇಲೆ ಮಾತ್ರ ಇಟ್ಟು ರಾತ್ರಿಯಿಡೀ ಬಿಡಿ. ಪದರ ಅಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ, ಆದರೂ ನಮ್ಮ ಕೆಲಸಕ್ಕೆ ನಡೆಯುತ್ತದೆ. ವಾಸನೆ ಭಯಂಕರ. ಫ್ಯೂಮ್ ಹುಡ್ ಹೊರಗೆ ಸೀಸೆ ತೆರೆದರೆ ಇಡೀ ವಿಭಾಗದ ಬೈಗುಳ ಖಾತ್ರಿ.

ಇಲ್ಲಿಂದ ಮುಂದೆ ಪ್ರತಿ ಹನಿಗೂ ನಮ್ಮ ಒಣ ಗಾಳಿಯೇ ಶತ್ರು. ಬೇಸಿಗೆಯಲ್ಲಿ ಮೇಜಿನ ಮೇಲೆ ತೆರೆದಿಟ್ಟ 10 ಮೈಕ್ರೋಲೀಟರ್ ಹನಿ ನೋಡನೋಡುತ್ತಲೇ ಕುಗ್ಗುತ್ತದೆ. ಅಂಚಿನಲ್ಲಿ ಮೊದಲು ಬಿಳಿ ಉಪ್ಪಿನ ಉಂಗುರ, ಆಮೇಲೆ ನಡುವೆ ಒಣಗಿದ ಪ್ರೋಟೀನ್‌ನ ಹೊಳಪು ತೊಗಟೆ. ಆ ಚಿಪ್ ಮುಗಿದಂತೆ, ತೊಳೆದರೂ ಪ್ರಯೋಜನವಿಲ್ಲ. ಪೆಟ್ರಿ ಡಿಶ್‌ನ ಅಂಚಿಗೆ ಒದ್ದೆ ಟಿಶ್ಯೂ ಸುತ್ತಿ, ಚಿಪ್‌ಗಳನ್ನು ನಡುವೆ ಇಟ್ಟು, ಮುಚ್ಚಳ ಹಾಕಿ ಪ್ಯಾರಾಫಿಲ್ಮ್ ಬಿಗಿಯಿರಿ. ಫ್ಯಾನ್ ಕೆಳಗೆ ಕೆಲಸ ಬೇಡ.

ಮರುದಿನ ತೊಳೆದು, ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ಜೋಡಣೆಯ ರಾಸಾಯನಿಕಗಳನ್ನು ಹಾಕಿ, ಪ್ರತಿಕಾಯವನ್ನು ಹಿಡಿಯುವಂತೆ ಆಮ್ಲದ ಗುಂಪುಗಳನ್ನು ಕ್ರಿಯಾಶೀಲಗೊಳಿಸಬೇಕು. ಇಡಿಸಿ ತೇವ ತಾಗಿದರೆ ಸಾಯುತ್ತದೆ. ಫ್ರೀಜರ್‌ನಿಂದ ತೆಗೆದ ಸೀಸೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ, ಮಳೆಗಾಲದಲ್ಲಂತೂ ಒಳಗೆ ಹನಿಗಟ್ಟುತ್ತದೆ. ಪಿಎಚ್ 6ರ ಎಂಇಎಸ್ ಬಫರ್‌ನಲ್ಲಿ ಎರಡನ್ನೂ ಆಗಲೇ ಕರಗಿಸಿ, ಆಗಲೇ ಹಾಕಿ, ಅರ್ಧ ಗಂಟೆ ಬಿಡಿ. ಬೇಗ ತೊಳೆದು ಕೂಡಲೇ ಪ್ರತಿಕಾಯದ ಹನಿ ಇಡಿ, ಒಂದು ಗಂಟೆ. ಆಮೇಲೆ ಪಿಎಚ್ 8.5ರ ಎಥನಾಲಮೈನ್ ಹಾಕಿ ಉಳಿದ ಕ್ರಿಯಾಶೀಲ ಗುಂಪುಗಳನ್ನು ಮುಗಿಸಿ, ಶೇ 1ರ ಬಿಎಸ್‌ಎ ಹಾಕಿ ಖಾಲಿ ಜಾಗ ಮುಚ್ಚಿ.

ಪ್ರತಿ ಹಂತದ ನಂತರ ಒಂದು ಇಂಪಿಡೆನ್ಸ್ ತೆಗೆಯುವುದು ರೂಢಿ. ಆರ್‌ಸಿಟಿ ಪ್ರತಿ ಹಂತದಲ್ಲೂ ಏರಲೇಬೇಕೆಂದು ಕಾಯಬೇಡಿ. ಆಮ್ಲದ ಪದರ ಋಣ ಆವೇಶದ್ದು, ಫೆರಿಸಯನೈಡ್ ಕೂಡ ಋಣ, ಎರಡೂ ಒಂದನ್ನೊಂದು ದೂಡುತ್ತವೆ. ಇಡಿಸಿ-ಎನ್‌ಎಚ್‌ಎಸ್ ಹಾಕಿದಾಗ ಆ ಆವೇಶ ತಗ್ಗಿ ಆರ್‌ಸಿಟಿ ಇಳಿಯುತ್ತದೆ. ಇಳಿದದ್ದನ್ನು ಕಂಡು ಗಾಬರಿಯಾಗಿ ಚಿಪ್ ಎಸೆದವರುಂಟು.

ಅಳತೆ

ಫೆರಿ ಮತ್ತು ಫೆರೋಸಯನೈಡ್ ತಲಾ 5 ಮಿಲಿಮೋಲಾರ್, ಪಿಬಿಎಸ್‌ನಲ್ಲಿ. ಅಂದಂದಿನದು ಅಂದೇ ತಯಾರಿಸಿ, ಬೆಳಕಿನಿಂದ ದೂರವಿಡಿ. ಆವರ್ತನ 100 ಕಿಲೋಹರ್ಟ್ಸ್‌ನಿಂದ 0.1 ಹರ್ಟ್ಸ್‌ವರೆಗೆ, ಎಸಿ ವೋಲ್ಟೇಜ್ 10 ಮಿಲಿವೋಲ್ಟ್. ಬಂದ ಅರ್ಧವೃತ್ತವನ್ನು ಎಲೆಕ್ಟ್ರೋಡ್‌ನ ಸರಳ ಮಾದರಿಯಾದ ರ್‍ಯಾಂಡಲ್ಸ್ ಸರ್ಕ್ಯೂಟ್‌ಗೆ ಹೊಂದಿಸಿದರೆ ಆರ್‌ಸಿಟಿ ಸಿಗುತ್ತದೆ. ಈ ದ್ರಾವಣ ಹೆಚ್ಚು ಹೊತ್ತು ನಿಂತರೆ ಚಿನ್ನವನ್ನೇ ಸವೆಸುತ್ತದೆ. ಅಳತೆ ಮುಗಿದ ಕೂಡಲೇ ತೊಳೆಯಿರಿ. ಎಲ್ಲ ಚಿಪ್‌ಗಳಿಗೂ ಸಮಾನ ಹೊತ್ತು ಕೊಡಿ.

ಗೆರೆ ನಡುಗುತ್ತಿದ್ದರೆ 50 ಹರ್ಟ್ಸ್ ಸುತ್ತಮುತ್ತ ನೋಡಿ. ಅದು ಗೋಡೆಯ ಕರೆಂಟ್. ಚಿಪ್ ಮತ್ತು ವೈರುಗಳನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಡಬ್ಬಿಯನ್ನು ಅರ್ಥ್ ಮಾಡಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಬ್ಯಾಟರಿಯಲ್ಲಿ ಓಡಿಸಿದರೆ ನಡುವೆ ಕರೆಂಟ್ ಹೋದರೂ ಕೆಳ ಆವರ್ತನದ ನಿಧಾನ ಅಳತೆ ಅರ್ಧಕ್ಕೆ ನಿಲ್ಲುವುದಿಲ್ಲ, ಪೊಟೆನ್ಷಿಯೋಸ್ಟಾಟ್ ಕೂಡ ಯುಎಸ್‌ಬಿಯಿಂದ ನಡೆಯುವಂಥದ್ದಾಗಿದ್ದರೆ. ಆರ್‌ಸಿಟಿ ಉಷ್ಣತೆಯೊಂದಿಗೂ ಬದಲಾಗುತ್ತದೆ. ಬೆಳಗ್ಗೆ ಎಂಟಕ್ಕೆ ಖಾಲಿ ಚಿಪ್, ಮಧ್ಯಾಹ್ನ ಎರಡಕ್ಕೆ ಸಿಇಎ ಚಿಪ್ ಅಳೆದು ವ್ಯತ್ಯಾಸ ಬಂತು ಎಂದರೆ ಅದು ಸೂರ್ಯನ ಸಂಕೇತವೂ ಆಗಿರಬಹುದು. ಥರ್ಮಾಮೀಟರ್ ಪಕ್ಕದಲ್ಲಿರಲಿ, ಪ್ರತಿ ಅಳತೆಯ ಜೊತೆ ಉಷ್ಣತೆ ಬರೆಯಿರಿ.

ಸಿಇಎ ದ್ರಾವಣಗಳನ್ನು ಮಿಲಿಲೀಟರಿಗೆ 1000 ನ್ಯಾನೋಗ್ರಾಂನಿಂದ ಹತ್ತು ಪಟ್ಟು ತೆಳುಗೊಳಿಸುತ್ತ ಇಳಿಯಿರಿ: 20 ಮೈಕ್ರೋಲೀಟರ್ ದ್ರಾವಣ, 180 ಮೈಕ್ರೋಲೀಟರ್ ಬಫರ್, ಪ್ರತಿ ಬಾರಿ ಹೊಸ ಟಿಪ್. ಹನಿ ಇಟ್ಟು 30 ನಿಮಿಷ. ಇದು ಪೂರ್ತಿ ಸಮತೋಲನಕ್ಕೆ ಸಾಲುವ ಹೊತ್ತಲ್ಲ. 4 ಮಿಲಿಮೀಟರ್ ವೃತ್ತದ ಮೇಲೆ 10 ಮೈಕ್ರೋಲೀಟರ್ ಹನಿಯ ಸರಾಸರಿ ಎತ್ತರ ಸುಮಾರು 0.8 ಮಿಲಿಮೀಟರ್. ಇಷ್ಟು ದೊಡ್ಡ ಪ್ರೋಟೀನ್ ಬರೀ ವಿಸರಣೆಯಿಂದ ಮೇಲಿನಿಂದ ತಳಕ್ಕೆ ಬರಲು ಎರಡು ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಗಡಿಯಾರ ನೋಡಿಕೊಂಡು ಎಲ್ಲ ಚಿಪ್‌ಗೂ ಅಷ್ಟೇ ನಿಮಿಷ ಕೊಡುವುದು ಮುಖ್ಯ. ಐದು ನಿಮಿಷ ಹೆಚ್ಚುಕಡಿಮೆಯಾದರೆ ಗ್ರಾಫ್‌ನಲ್ಲಿ ಕಾಣುತ್ತದೆ.

ಸುಮ್ಮನಿರಬೇಕಾದಲ್ಲಿ ಸುಮ್ಮನಿದೆಯೇ

ಪ್ರಾಜೆಕ್ಟ್‌ನ ಅರ್ಧ ಸಮಯ ಇಲ್ಲಿಗೆ ಎಂದಿದ್ದೆ. ಪ್ರತಿ ಬಾರಿ ಈ ಚಿಪ್‌ಗಳು ಜೊತೆಗಿರಲೇಬೇಕು.

ಖಾಲಿ ಬಫರ್ ಚಿಪ್: ಸಿಇಎ ಇಲ್ಲದ ಅದೇ ಬಫರ್, ಅದೇ 30 ನಿಮಿಷ, ಅಷ್ಟೇ ತೊಳೆತ. ಇದರ ಆರ್‌ಸಿಟಿಯೂ ಸ್ವಲ್ಪ ಬದಲಾಗುತ್ತದೆ. ಆ ಬದಲಾವಣೆಯೇ ನಿಮ್ಮ ನೆಲಮಟ್ಟ. ಒಂದೇ ಚಿಪ್ಪನ್ನು ಬಫರ್‌ನಲ್ಲಿಟ್ಟು ಮತ್ತೆ ಮತ್ತೆ ಅಳೆದಾಗಲೂ ಅಂಕಿ ಏರುತ್ತಲೇ ಹೋದರೆ ಪದರ ಇನ್ನೂ ನೆಲೆ ನಿಂತಿಲ್ಲ, ಸಿಇಎ ಹಾಕುವ ಸಮಯ ಬಂದಿಲ್ಲ.

ಬೇರೆ ಪ್ರೋಟೀನ್ ಚಿಪ್: ಸಿಇಎ ಬದಲು ಪಿಎಸ್‌ಎ ಅಥವಾ ಎಎಫ್‌ಪಿ (ಯಕೃತ್ತಿನ ಕ್ಯಾನ್ಸರ್‌ನ ಸೂಚಕ). ಜೊತೆಗೆ ಬಿಎಸ್‌ಎ, ಅದೂ ಸಿಇಎಗಿಂತ ಸಾವಿರಾರು ಪಟ್ಟು ಹೆಚ್ಚು ಸಾಂದ್ರತೆಯಲ್ಲಿ, ಏಕೆಂದರೆ ರಕ್ತದಲ್ಲಿ ಪರಿಸ್ಥಿತಿ ಇರುವುದೇ ಹಾಗೆ. ಸಮ ಪ್ರಮಾಣದ ಬಿಎಸ್‌ಎ ಹಾಕಿ ‘ಸೆನ್ಸರ್ ಬೇರೆ ಪ್ರೋಟೀನ್‌ಗೆ ಸ್ಪಂದಿಸಲಿಲ್ಲ’ ಎಂದು ಬರೆಯುವ ಪ್ರಬಂಧಗಳು ಬೇಕಾದಷ್ಟಿವೆ. ಅವು ಏನನ್ನೂ ಸಾಬೀತು ಮಾಡುವುದಿಲ್ಲ.

ತಪ್ಪು ಪ್ರತಿಕಾಯದ ಚಿಪ್: ಸಿಇಎಗೆ ಸಂಬಂಧವಿಲ್ಲದ, ಅದೇ ವರ್ಗದ ಇಲಿ ಪ್ರತಿಕಾಯವನ್ನು (ಮಾನೋಕ್ಲೋನಲ್ ಪ್ರತಿಕಾಯಗಳು ಸಾಮಾನ್ಯವಾಗಿ ಇಲಿಯಿಂದ ಬಂದವು) ಕೂರಿಸಿ, ಅದರ ಮೇಲೆ ಸಿಇಎ ಹಾಕಿ. ಇಲ್ಲಿಯೂ ಸಂಕೇತ ಬಂದರೆ ಸಿಇಎ ಪ್ರತಿಕಾಯಕ್ಕಲ್ಲ, ಪದರಕ್ಕೆ ಅಂಟುತ್ತಿದೆ. ವಿದ್ಯಾರ್ಥಿಗಳು ಬಿಟ್ಟುಬಿಡುವುದು ಇದನ್ನೇ. ವೈವಾದಲ್ಲಿ ನಾನು ಮೊದಲು ಕೇಳುವುದೂ ಇದನ್ನೇ.

ಪ್ರತಿ ಸಾಂದ್ರತೆಗೆ ಕನಿಷ್ಠ ಮೂರು ಬೇರೆ ಬೇರೆ ಚಿಪ್ ಬಳಸಿ. ಒಂದೇ ಚಿಪ್ಪನ್ನು ಮೂರು ಬಾರಿ ಅಳೆದರೆ ಯಂತ್ರ ಎಷ್ಟು ಸ್ಥಿರ ಎಂದು ತಿಳಿಯುತ್ತದೆ, ನಿಮ್ಮ ಕೈಗೆಲಸ ಎಷ್ಟು ಸ್ಥಿರ ಎಂದು ತಿಳಿಯುವುದಿಲ್ಲ. ಆರ್‌ಸಿಟಿಯ ನೇರ ಅಂಕಿಯ ಬದಲು, ಆಯಾ ಚಿಪ್‌ನ ಆರಂಭದ ಅಂಕಿಗೆ ಹೋಲಿಸಿ ಶೇಕಡಾ ಎಷ್ಟು ಬದಲಾಯಿತು ಎಂಬುದನ್ನು ಗ್ರಾಫ್‌ಗೆ ಹಾಕಿ.

ಎಷ್ಟು ಕಡಿಮೆ ಹಿಡಿಯಬಲ್ಲದು

ಹತ್ತಿಪ್ಪತ್ತು ಖಾಲಿ ಚಿಪ್‌ಗಳ ಸಂಕೇತದ ಸರಾಸರಿ ತೆಗೆಯಿರಿ, ಅದಕ್ಕೆ ಅವುಗಳ ಪ್ರಮಾಣ ವಿಚಲನೆಯ ಮೂರು ಪಟ್ಟು ಕೂಡಿಸಿ. ಆ ಸಂಕೇತ ಗ್ರಾಫ್‌ನಲ್ಲಿ ಯಾವ ಸಾಂದ್ರತೆಗೆ ಬೀಳುತ್ತದೋ ಅದು ನಿಮ್ಮ ಪತ್ತೆಮಿತಿ. ಅಡ್ಡ ಅಕ್ಷ ಲಾಗರಿದಮ್‌ನಲ್ಲಿದ್ದಾಗ ವಿಚಲನೆಯನ್ನು ಇಳಿಜಾರಿನಿಂದ ಸುಮ್ಮನೆ ಭಾಗಿಸುವ ಸೂತ್ರ ಹಾಕಬೇಡಿ. ಫೆಮ್ಟೋಗ್ರಾಂ (ನ್ಯಾನೋಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು), ಆಟೋಗ್ರಾಂ ಪತ್ತೆಮಿತಿಗಳು ಹುಟ್ಟುವುದು ಎಷ್ಟೋ ಸಲ ಅಲ್ಲಿಂದಲೇ.

ಅಂಥ ಹೇಳಿಕೆಯನ್ನು ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡಿ. ಮಿಲಿಲೀಟರಿಗೆ 1 ಫೆಮ್ಟೋಗ್ರಾಂ ಸಿಇಎ ಇರುವ 10 ಮೈಕ್ರೋಲೀಟರ್ ಹನಿಯಲ್ಲಿ ಇರುವುದು ಸುಮಾರು 33 ಅಣು. ಮಿಲಿಲೀಟರಿಗೆ 1 ಆಟೋಗ್ರಾಂ ಎಂದರೆ ಅದರ ಸಾವಿರದಲ್ಲೊಂದು ಪಾಲು, ಹನಿಯಲ್ಲಿ ಒಂದು ಅಣುವೂ ಇರುವುದು ಅನುಮಾನ. 4 ಮಿಲಿಮೀಟರ್ ವೃತ್ತ ಪೂರ್ತಿ ತುಂಬಿದರೆ ಅದರ ಮೇಲೆ ಸುಮಾರು ಹತ್ತು ಸಾವಿರ ಕೋಟಿ ಪ್ರತಿಕಾಯ ಹಿಡಿಸುತ್ತವೆ. ಅಷ್ಟರಲ್ಲಿ 33 ಜಾಗ ತುಂಬಿದ್ದಕ್ಕೆ ಇಡೀ ಎಲೆಕ್ಟ್ರೋಡ್‌ನ ಆರ್‌ಸಿಟಿ ಬದಲಾಯಿತು ಎಂದರೆ ನಾನು ನಂಬುವುದಿಲ್ಲ. ನಿಮ್ಮ ಸೆನ್ಸರ್ ಮಿಲಿಲೀಟರಿಗೆ 1 ನ್ಯಾನೋಗ್ರಾಂ ಸಿಇಎಯನ್ನು ಖಾಲಿ ಬಫರ್‌ನಿಂದ ಬೇರ್ಪಡಿಸಿ ತೋರಿಸಿದರೆ ಅದು 5 ನ್ಯಾನೋಗ್ರಾಂ ಗಡಿಗೆ ಸಾಕು. ಬಿ.ಇ., ಎಂ.ಎಸ್‌ಸಿ. ಪ್ರಾಜೆಕ್ಟ್‌ಗೆ ಅದು ದೊಡ್ಡ ಸಾಧನೆಯೇ.

ಸೀರಂ, ಅನುಮತಿ

ಬಫರ್‌ನಲ್ಲಿ ಗೆದ್ದ ಸೆನ್ಸರ್ ಸೀರಂನಲ್ಲಿ ಸೋಲುವುದೇ ಹೆಚ್ಚು. ಮೊದಲು ಕಂಪನಿಯಿಂದ ಕೊಂಡ ಮಾನವ ಸೀರಂ ಬಳಸಿ. ಶೇ 0.05ರ ಟ್ವೀನ್-20 (ಸೋಪಿನಂಥ ದ್ರವ) ಇರುವ ಪಿಬಿಎಸ್‌ನಲ್ಲಿ ಹತ್ತು ಪಟ್ಟು ತೆಳು ಮಾಡಿ, ಗೊತ್ತಿರುವಷ್ಟು ಸಿಇಎ ಸೇರಿಸಿ, ಸೆನ್ಸರ್ ಎಷ್ಟು ಹೇಳುತ್ತದೆ ನೋಡಿ. ಸೇರಿಸಿದ್ದರ ಶೇ 80ರಿಂದ 120ರೊಳಗೆ ಬಂದರೆ ಒಳ್ಳೆಯದು. ಹತ್ತು ಪಟ್ಟು ತೆಳು ಮಾಡಿದಾಗ 5 ನ್ಯಾನೋಗ್ರಾಂ ಗಡಿ 0.5ಕ್ಕೆ ಇಳಿಯುತ್ತದೆ ಎಂಬುದು ನೆನಪಿರಲಿ. 1 ನ್ಯಾನೋಗ್ರಾಂ ಪತ್ತೆಮಿತಿಯ ಸೆನ್ಸರ್ ಆಗ ಸಾಲುವುದಿಲ್ಲ. ತೆಳು ಮಾಡುವುದನ್ನು ಕಡಿಮೆ ಮಾಡಬೇಕು, ಇಲ್ಲವೇ ಸ್ಯಾಂಡ್‌ವಿಚ್‌ಗೆ ಹೋಗಬೇಕು. ಕೆಲವರ ರಕ್ತದಲ್ಲಿ ಇಲಿಯ ಪ್ರತಿಕಾಯಗಳನ್ನೇ ಹಿಡಿಯುವ ಪ್ರತಿಕಾಯಗಳಿರುತ್ತವೆ. ಅವು ಸಿಇಎ ಇಲ್ಲದೆಯೂ ಸಂಕೇತ ಕೊಡುತ್ತವೆ.

ರೋಗಿಗಳ ಮಾದರಿ ಬೇಕೆಂದರೆ ಮೊದಲು ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಪೆರಿಫೆರಲ್ ಕ್ಯಾನ್ಸರ್ ಕೇಂದ್ರವಿದೆ. ಅಲ್ಲಿಯ ವೈದ್ಯರೊಬ್ಬರನ್ನು ಸಹಮಾರ್ಗದರ್ಶಕರಾಗಿ ಮೊದಲ ದಿನವೇ ಸೇರಿಸಿಕೊಳ್ಳಿ. ಒಪ್ಪಿಗೆಗೆ ಸಮಯ ಹಿಡಿಯುತ್ತದೆ, ಕೊನೆಯ ತಿಂಗಳಲ್ಲಿ ಓಡಿದರೆ ಆಗುವುದಿಲ್ಲ. ಸೀರಂ ಮುಟ್ಟುವವರೆಲ್ಲರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಬೇಕು.

ಸೆನ್ಸರ್ ಕೆಲಸ ಮಾಡುತ್ತಿದೆ ಎಂದು ಗೊತ್ತಾದರೆ ಲ್ಯಾಬಿಗೆ ಬೇರೆ ಥರದ ಅತಿಥಿಗಳು ಬರುತ್ತಾರೆ. “ಸರ್, ನಮ್ಮ ಕಾಕಾನ ರಕ್ತ ತಂದಿದ್ದೇನೆ, ಒಂದು ಹನಿ ಹಾಕಿ ನೋಡಿರಿ” ಎಂದು ಅಟೆಂಡರ್ ಕೇಳಿದಾಗ ಇಲ್ಲ ಎನ್ನುವುದು ಕಷ್ಟ. ಆದರೂ ಇಲ್ಲ ಎನ್ನಬೇಕು. ನಿಮ್ಮ ಅಂಕಿ ಹೆಚ್ಚು ಬಂದರೆ ಒಂದು ಮನೆ ನಿದ್ದೆಗೆಡುತ್ತದೆ, ಕಡಿಮೆ ಬಂದರೆ ಆಸ್ಪತ್ರೆಗೆ ಹೋಗಬೇಕಾದವರು ಮನೆಯಲ್ಲಿ ಉಳಿಯುತ್ತಾರೆ. ರೋಗನಿರ್ಣಯದ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿ ಪರವಾನಗಿ ಪಡೆಯಬೇಕಾದವು. ಪ್ರಾಜೆಕ್ಟ್ ಚಿಪ್ ಅದಲ್ಲ. ಕಾಕಾನನ್ನು ವೈದ್ಯರ ಬಳಿ ಕಳಿಸಿ, ಬೇಕಿದ್ದರೆ ಜೊತೆಗೆ ಹೋಗಿ.

ಕಸ

ಸೀರಂ ಮುಟ್ಟಿದ ಟಿಪ್, ಟ್ಯೂಬು, ಚಿಪ್‌ಗಳು ಜೈವಿಕ ವೈದ್ಯಕೀಯ ತ್ಯಾಜ್ಯ. ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ಸೂಜಿ ಮತ್ತು ಚೂಪಾದದ್ದು ಬಿಳಿ ಗಟ್ಟಿ ಡಬ್ಬಿಗೆ. ಉಳಿದ ಸೀರಂಗೆ ಶೇ 1ರ ಹೈಪೋಕ್ಲೋರೈಟ್ ಹಾಕಿ ಅರ್ಧ ಗಂಟೆ ಬಿಟ್ಟು ನಂತರ ಚೆಲ್ಲಿ. ಫೆರಿ-ಫೆರೋಸಯನೈಡ್ ದ್ರಾವಣವನ್ನು ಮಾತ್ರ ಬೇರೆ ಬಾಟಲಿಯಲ್ಲಿ, ಹೆಸರು ಬರೆದು ಇಡಿ. ಮೊದಲ ಹಂತದಲ್ಲಿ ಬಳಸಿದ ಗಂಧಕಾಮ್ಲದ ಬಾಟಲಿಗೆ ಅದನ್ನು ಸುರಿಯಬೇಡಿ, ಪ್ರಬಲ ಆಮ್ಲದೊಂದಿಗೆ ಸೇರಿದರೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹೊರಡಬಹುದು. ಸಂಜೆ ಸಿಂಕ್ ತೊಳೆಯಲು ಬರುವವರಿಗೂ ಆ ಬಾಟಲಿ ಯಾವುದೆಂದು ತೋರಿಸಿ ಹೇಳಿ.